ಗಡಿಯಾರದ ಮುಚ್ಚಳದೊಳಗಿನ ಮೂರು ಕರಡಿಗಳು

ಅಜ್ಜನ ಜೇಬು ಗಡಿಯಾರದ ಹಿಂಬದಿ ಮುಚ್ಚಳದೊಳಗೆ ‘0.935’ ಎಂದಿದೆ, ಪಕ್ಕದಲ್ಲಿ ಮೂರು ಪುಟ್ಟ ಪ್ರಾಣಿಗಳಿವೆ, ಒಳಮುಚ್ಚಳದ ಮೇಲೆ ‘ಸ್ಪಿರಾಲ್ ಬ್ರೆಗೆ’ ಎಂದು ಕೊರೆದಿದೆ. ಇದು ಬೆಳ್ಳಿಯೇ, ಯಾವ ಕಾಲದ್ದು, ಹೆಸರಾಂತ ಗಡಿಯಾರ ತಯಾರಕರಾದ ಬ್ರೆಗೆ ಕಂಪನಿಯದೇ ಎಂದು ಕೇಳಿದ್ದೀರಿ. ಹೊರಮುಚ್ಚಳವಂತೂ ಬೆಳ್ಳಿಯೇ, ಸ್ವಿಟ್ಜರ್ಲೆಂಡಿನದು. ಬ್ರೆಗೆ ಕಂಪನಿಯದು ಎನ್ನುವುದಕ್ಕೆ ಮಾತ್ರ ಆ ಬರಹ ಆಧಾರವಾಗುವುದಿಲ್ಲ.

ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು. ಪ್ರಾಣಿಯ ಮುದ್ರೆ ಹಾಗಲ್ಲ, ಅದು ಪರೀಕ್ಷೆ ಮಾಡಿದ ಕಚೇರಿಯದು. ಹಾಗಾಗಿ ನಾನು ಯಾವಾಗಲೂ ಪ್ರಾಣಿಯನ್ನೇ ಮೊದಲು ಹುಡುಕುತ್ತೇನೆ. ಸ್ವಿಟ್ಜರ್ಲೆಂಡ್ 1880ರಲ್ಲಿ ಚಿನ್ನ, ಬೆಳ್ಳಿ ಸಾಮಾನುಗಳ ತಪಾಸಣೆಗೆ ಕಾನೂನು ತಂದಿತು. ಸಾವಿರಕ್ಕೆ 800 ಪಾಲು ಬೆಳ್ಳಿಯಿದ್ದರೆ ಕಾಡುಕೋಳಿ, 875 ಇದ್ದರೆ ಎದ್ದು ನಿಂತ ಒಂದು ಕರಡಿ. ನಿಮ್ಮದರಲ್ಲಿ ಮೇಲೊಂದು ದೊಡ್ಡದು, ಕೆಳಗೆ ಎರಡು ಚಿಕ್ಕವು ಇರಬೇಕು, ಭೂತಗನ್ನಡಿ ಹಿಡಿದು ನೋಡಿ. ಮೂರೂ ಕರಡಿಗಳೇ.

ಈ ಮೂರು ಕರಡಿಗಳು ಹುಟ್ಟಿದ್ದು ಬ್ರಿಟನ್ನಿನ ಕಾರಣಕ್ಕೆ. ಅಲ್ಲಿ ಬೆಳ್ಳಿ ಎನಿಸಿಕೊಳ್ಳಲು 925 ಬೇಕಿತ್ತು. ಸರಕಿನ ಗುರುತುಗಳ ಬಗ್ಗೆ 1887ರಲ್ಲಿ ಬ್ರಿಟನ್ ಬಿಗಿಯಾದ ಕಾಯ್ದೆ ತಂದಾಗ, ಆ ಮಾರುಕಟ್ಟೆಯನ್ನು ಕಳೆದುಕೊಳ್ಳಲೊಲ್ಲದ ಸ್ವಿಸ್ ಜನ ಹತ್ತು ಪಾಲು ಹೆಚ್ಚೇ ಇರಲೆಂದು 935ರ ದರ್ಜೆಯನ್ನು ಗೊತ್ತುಮಾಡಿದರು. ಆದ್ದರಿಂದ ನಿಮ್ಮ ಗಡಿಯಾರ ಅದಕ್ಕಿಂತ ಹಳೆಯದಲ್ಲ. 1907ರ ಜೂನ್‌ನಿಂದ ಬ್ರಿಟನ್ ಆಮದಾದ ಗಡಿಯಾರದ ಕವಚಗಳ ಮೇಲೂ ತನ್ನದೇ ಮುದ್ರೆ ಒತ್ತಿಸತೊಡಗಿತು. ಬರ್ಮಿಂಗ್‌ಹ್ಯಾಮಿನದು ತ್ರಿಕೋನ, ಗ್ಲಾಸ್ಗೋದ್ದು ಮಲಗಿಸಿದ ಎರಡು ‘ಎಫ್’. ಅಂಥ ಮುದ್ರೆಯೊಂದು ಸಿಕ್ಕರೆ ಪಕ್ಕದ ವರ್ಷಸೂಚಕ ಅಕ್ಷರದಿಂದ ಮುದ್ರೆ ಬಿದ್ದ ವರ್ಷವೇ ತಿಳಿಯುತ್ತದೆ. 

‘ಸ್ಪಿರಾಲ್ ಬ್ರೆಗೆ’ ಎಂದರೆ ಕೂದಲೆಳೆಯಂಥ ಸ್ಪ್ರಿಂಗಿನ ಹೊರತುದಿಯನ್ನು ಮೇಲಕ್ಕೆತ್ತಿ ಒಳಕ್ಕೆ ಬಾಗಿಸಿದ ಬಗೆ. ಆ ಕಂಪನಿಯನ್ನು ಸ್ಥಾಪಿಸಿದ ಬ್ರೆಗೆ ಅದನ್ನು ರೂಪಿಸಿದವರು. ಬಳಸಿದವರು ನೂರಾರು ತಯಾರಕರು. ಒಳಮುಚ್ಚಳದ ಫ್ರೆಂಚ್ ಬರಹಗಳು ಬಹುಪಾಲು ಇಂಥ ವಿವರಣೆಗಳೇ. ‘ರೆಮೊಂತ್ವಾರ್’ ಎಂದಿದ್ದರೆ ಕೀಲಿಕೈ ಇಲ್ಲದೆ ತಲೆಯ ಮೇಲಿನ ಗುಂಡಿಯನ್ನು ತಿರುಗಿಸಿಯೇ ಕೀ ಕೊಡುವ ಗಡಿಯಾರ. ಉಗುರಿನಲ್ಲಿ ಗೀಚಿದಂತೆ ಕಾಣುವ ಸಣ್ಣ ಅಂಕಿಗಳು ರಿಪೇರಿ ಮಾಡಿದವರು ತಮ್ಮ ನೆನಪಿಗೆ ಬರೆದುಕೊಂಡದ್ದು. ಅವು ನನಗೆ ಬಹಳ ಪ್ರಿಯ, ಯಾರೋ ಒಬ್ಬರು ಇದನ್ನು ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ನಡೆಸಿದ್ದಾರೆ ಎಂಬುದಕ್ಕೆ ಗುರುತು.

ದಯವಿಟ್ಟು ಹಬ್ಬದ ದೀಪ ಬೆಳಗುವಂತೆ ವಿಭೂತಿ ಹಾಕಿ ತಿಕ್ಕಬೇಡಿ. ಹಾಗೆ ತಿಕ್ಕಿಸಿಕೊಂಡ ಒಂದು ಗಡಿಯಾರವನ್ನು ನೋಡಿದ್ದೇನೆ. ಕಾಡುಕೋಳಿಯ ಬಾಲವೊಂದೇ ಉಳಿದಿತ್ತು, ನೋಡಿ ಹೊಟ್ಟೆ ಉರಿಯಿತು. ಮುದ್ರೆ ಮಸುಕಾಗಿದ್ದರೆ ಅದರ ಮೇಲೆ ಮೆಲ್ಲಗೆ ಉಸಿರು ಬಿಟ್ಟು, ಬೆಳಕನ್ನು ಓರೆಯಾಗಿ ಹಿಡಿಯಿರಿ. ಆವಿ ಆರುವ ಆ ಎರಡು ಕ್ಷಣದಲ್ಲಿ ಗೆರೆಗಳು ಎದ್ದು ಕಾಣುತ್ತವೆ.

ಒಳಮುಚ್ಚಳವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಹೊರಗಡೆ ಬೆಳ್ಳಿ, ಒಳಗಡೆ ಬೆಳ್ಳಿಯಲ್ಲದ ಬರೀ ಅಗ್ಗದ ಲೋಹ ಇರುವುದು ಸಾಮಾನ್ಯ. ಅಂಥಲ್ಲಿ ‘ಕ್ಯುವೆಟ್ ಮೆಟಾಲ್’ ಎಂದು ಬರೆದಿರುತ್ತಾರೆ. ನಿಮ್ಮದರಲ್ಲಿ ಅದಕ್ಕೂ ಕರಡಿಗಳಿವೆಯೇ ನೋಡಿ ತಿಳಿಸಿ.