ಮಣ್ಣು ಒದ್ದೆಯಿದ್ದೂ ಹೋಯಾ ಎಲೆ ಸುಕ್ಕಾಗಿದ್ದರೆ
ಹೋಯಾ ಎಂಬ ದಪ್ಪ ಎಲೆಯ ಬಳ್ಳಿಗಿಡದಲ್ಲಿ ಮಣ್ಣು ಒದ್ದೆಯಿದ್ದೂ ಎಲೆ ಸುಕ್ಕುಗಟ್ಟಿದೆ ಎಂದರೆ ಬಹುಮಟ್ಟಿಗೆ ಬೇರು ಕೊಳೆತಿದೆ. ನನ್ನ ಗಿಡಕ್ಕೂ ಇದೇ ಆಗಿತ್ತು. ಗಿಡ ಕಿಟಕಿಯಿಂದ ದೂರದ ಮೂಲೆಯಲ್ಲಿದ್ದು, ದಿನ ಬಿಟ್ಟು ದಿನ ನೀರು ಬೀಳುತ್ತಿದ್ದರೆ ಹೀಗಾಗುವುದು ಸಹಜ. ಬೆಳಕು ಕಡಿಮೆಯಾದಷ್ಟೂ ಗಿಡ ನೀರು ಹೀರುವುದು ಕಡಿಮೆ.

ಮೊದಲು ನೀರು ನಿಲ್ಲಿಸಿ, ಗಿಡವನ್ನು ಕುಂಡದಿಂದ ತೆಗೆದು ಬೇರನ್ನು ಮುಟ್ಟಿ ನೋಡಿ. ತಿಳಿಬಣ್ಣದ ಗಟ್ಟಿ ಬೇರು ಚೆನ್ನಾಗಿದೆ. ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಜಾರಿ ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಅದು ಸತ್ತಿದೆ. ಶುಚಿಯಾದ ಕತ್ತರಿಯಿಂದ ಕತ್ತರಿಸಿ. ಉಳಿದ ಬೇರಿಗೆ ತಕ್ಕಷ್ಟು ಚಿಕ್ಕ, ತಳದಲ್ಲಿ ತೂತಿರುವ ಕುಂಡಕ್ಕೆ ಬದಲಿಸಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದನ್ನೇ ತುಂಬಬೇಡಿ, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ಮರದ ತೊಗಟೆಯ ಚೂರುಗಳನ್ನು ಧಾರಾಳವಾಗಿ ಬೆರೆಸಿ.

ಬೇರು ಪೂರ್ತಿ ಹೋಗಿದ್ದರೆ ಗಿಡ ಉಳಿಯುವುದು ಅನುಮಾನ. ಆದರೂ ಎರಡು ಗೆಣ್ಣುಗಳಿರುವ ಹಸಿರು ಕಾಂಡ ಕತ್ತರಿಸಿ, ಕೆಳಗಿನ ಗೆಣ್ಣು ಮುಳುಗುವಂತೆ ನೀರಿನಲ್ಲಿಡಿ. ಕೆಲವು ವಾರಗಳಲ್ಲಿ ಬೇರು ಬರಬಹುದು.

ಇನ್ನು ಮುಂದೆ ಗಿಡ ಕಿಟಕಿಯ ಪಕ್ಕದಲ್ಲೇ ಇರಲಿ. ಬೆಳಗಿನ ಎಳೆಬಿಸಿಲು ಒಳ್ಳೆಯದು, ಮಧ್ಯಾಹ್ನದ ಬಿಸಿಲು ಎಲೆ ಸುಡುತ್ತದೆ. ನೀರಿಗೆ ವಾರದ ಲೆಕ್ಕ ಬೇಡ. ಬೆರಳಿಟ್ಟು ನೋಡಿ, ಮೇಲಿನ ಅರ್ಧ ಮಣ್ಣು ಒಣಗಿದ ಮೇಲಷ್ಟೇ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ.