ದಾವಣಗೆರೆಯ ಬಯಲಿನಲ್ಲಿ ಸೈಕಲ್ ತುಳಿದವರು ಆಲ್ಪ್ಸ್ ಘಾಟಿಗಳನ್ನು ದಾಟಬಹುದೇ?

ದಾವಣಗೆರೆಯ ಸಮತಟ್ಟಾದ ರಸ್ತೆಗಳಷ್ಟೇ ರೂಢಿಯಿರುವ ನೀವು ಮುಂದಿನ ಜುಲೈನಲ್ಲಿ ಫ್ರಾನ್ಸಿನ ಆಲ್ಪ್ಸ್ ಘಾಟಿಗಳಿಗೆ ಹೊರಡಬಹುದೇ, ಅಲ್ಲಿನ ಏರಿಗೆ ಇಲ್ಲಿದ್ದುಕೊಂಡೇ ಹೇಗೆ ತಯಾರಾಗಬೇಕು ಎಂದು ಕೇಳಿದ್ದೀರಿ. ನಾನು ಚಿತ್ರದುರ್ಗದವನು. ಜಿನೀವಾ ಸರೋವರದ ದಂಡೆಯಿಂದ ಮೆಡಿಟರೇನಿಯನ್ ತೀರದ ನೀಸ್ ನಗರದವರೆಗೆ ಘಾಟಿಗಳ ಮೇಲೆಯೇ ಸಾಗುವ ಸುಮಾರು 700 ಕಿ.ಮೀ. ದಾರಿಯನ್ನು ಒಂದು ಜುಲೈನಲ್ಲಿ 11 ದಿನಗಳಲ್ಲಿ ಮುಗಿಸಿದ್ದೇನೆ. ಖಂಡಿತ ಹೋಗಬಹುದು. ಆದರೆ ನೀವು ಏರಿಗೆ ಮಾತ್ರ ಅಂಜುತ್ತಿದ್ದೀರಿ. ನನಗೆ ಅಪಾಯ ಎದುರಾದದ್ದು ಇಳಿಜಾರಿನಲ್ಲಿ.

ಮೊದಲು ಏರಿನ ವಿಷಯ. ಈ ದಾರಿಯಲ್ಲಿ ಸಿಗುವ ಗಾಲಿಬಿಯೆ ಘಾಟಿಯನ್ನು ಉತ್ತರದಿಂದ ಹತ್ತುವವರು ಸೇಂಟ್ ಮಿಷೆಲ್ ಎಂಬ ಊರಿನಿಂದ ಹೊರಡುತ್ತಾರೆ. ಅದು ಹೆಚ್ಚುಕಡಿಮೆ ನಮ್ಮ ಚಿತ್ರದುರ್ಗದಷ್ಟೇ ಎತ್ತರದಲ್ಲಿದೆ, ಅಂದರೆ ಸುಮಾರು 700 ಮೀಟರ್. ಅಲ್ಲಿಂದ 1,566 ಮೀಟರ್ ಎತ್ತರದ ಟೆಲಿಗ್ರಾಫ್ ಘಾಟಿಯನ್ನು ಹತ್ತಿ, ವಾಲ್ವಾರ್ ಊರಿಗೆ ಸ್ವಲ್ಪ ಇಳಿದು, ಮತ್ತೆ 18 ಕಿ.ಮೀ. ಏರಿದರೆ 2,642 ಮೀಟರ್ ತಲುಪುತ್ತೀರಿ. ನಾನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಿದೆ, ಕೊನೆಯ ಆ ಏರೊಂದಕ್ಕೇ ಎರಡು ಗಂಟೆ ಮೀರಿತು. ಇಷ್ಟು ನಿಧಾನವಾಗಿ ಹೋಗುವಾಗ ಗೇರ್ ಎಲ್ಲವನ್ನೂ ನಿರ್ಧರಿಸುತ್ತದೆ. ಚೈನ್ ಸುತ್ತುವ ಹಲ್ಲುಚಕ್ರಗಳಲ್ಲಿ ಮುಂದಿನದಕ್ಕೆ 34 ಹಲ್ಲು, ಹಿಂದಿನದಕ್ಕೂ 34 ಹಲ್ಲು ಇದ್ದರೆ ಪೆಡಲ್ ನಿಮಿಷಕ್ಕೆ 63 ಸುತ್ತು ತಿರುಗುತ್ತದೆ. ಹಿಂದೆ 25 ಹಲ್ಲು ಮಾತ್ರ ಇದ್ದರೆ ಅದೇ ವೇಗಕ್ಕೆ 47 ಸುತ್ತು, ಪ್ರತಿ ಸುತ್ತಿನ ಭಾರವೂ ಮೊಣಕಾಲಿನ ಮೇಲೆ. ಹಗುರವಾದ ಸೈಕಲ್ಲಿಗೆ ಹಣ ಸುರಿಯುವ ಮೊದಲು ಹಿಂದಿನ ಗೇರ್ ಬದಲಿಸಿಕೊಳ್ಳಿ.

ನಮ್ಮ ಸುತ್ತಮುತ್ತ ಎರಡು ಗಂಟೆ ಬಿಡುವಿಲ್ಲದೆ ಏರುವ ರಸ್ತೆ ಇಲ್ಲ, ಆದರೆ ಆಷಾಢದ ಗಾಳಿ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ಮನೆ ಅಲ್ಲ. ಹೊರಡುವ ಹಿಂದಿನ ವರ್ಷದ ಆಷಾಢದಲ್ಲಿ ನಾನು ಪ್ರತಿ ಭಾನುವಾರ ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿ.ಮೀ. ಎದುರುಗಾಳಿಯಲ್ಲಿ ತುಳಿದು ಬರುತ್ತಿದ್ದೆ. ಕಾಲು ನಿಲ್ಲಿಸಿದ ಕೂಡಲೇ ಸೈಕಲ್ಲೂ ನಿಲ್ಲುವಂತಹ ಗಾಳಿ ಅದು. ಒಂದೇ ಹದದಲ್ಲಿ, ಏದುಸಿರು ಬಿಡದೆ, ಗಂಟೆಗಟ್ಟಲೆ ತುಳಿಯುವುದನ್ನು ಅದರಷ್ಟು ಚೆನ್ನಾಗಿ ಬೇರಾವುದೂ ನನಗೆ ಕಲಿಸಲಿಲ್ಲ. ಬರುವ ಜುಲೈಗೆ ಹೊರಡುವುದಾದರೆ ಈ ಆಷಾಢವನ್ನು ಕಳೆದುಕೊಳ್ಳಬೇಡಿ. ಫ್ರಾನ್ಸಿನ ಬಹುತೇಕ ಪ್ರಸಿದ್ಧ ಘಾಟಿಗಳಲ್ಲಿ ಪ್ರತಿ ಕಿಲೋಮೀಟರಿಗೊಂದು ಕಲ್ಲಿದ್ದು, ಶಿಖರ ಇನ್ನೆಷ್ಟು ದೂರ, ಮುಂದಿನ ಕಿಲೋಮೀಟರಿನ ಏರು ಶೇಕಡಾ ಎಷ್ಟು ಎಂಬುದನ್ನು ಬರೆದಿರುತ್ತಾರೆ. ಹದ ತಪ್ಪದಿರಲು ಆ ಕಲ್ಲುಗಳು ಬಹಳ ನೆರವಾಗುತ್ತವೆ.

ಇನ್ನು ಇಳಿಜಾರು. ಪ್ರತಿ 1,000 ಮೀಟರ್ ಏರಿದಾಗ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕೆಳಗೆ 24 ಡಿಗ್ರಿ ಇದ್ದರೆ ಗಾಲಿಬಿಯೆ ಮೇಲೆ 12ರ ಆಸುಪಾಸು. ಏರುವಾಗ ಗಾಳಿಯೇ ಆಡದ್ದರಿಂದ ಅಂಗಿ ಬೆವರಿನಲ್ಲಿ ನೆನೆದು ಹೋಗಿರುತ್ತದೆ, ಅದೇ ಅಂಗಿಯಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಇಳಿಯುತ್ತೀರಿ. ತುದಿಯಲ್ಲಿ ಚಿತ್ರ ತೆಗೆಯುತ್ತಾ ಇಪ್ಪತ್ತು ನಿಮಿಷ ನಿಂತು, ಅಂಗಿ ಬದಲಿಸದೆ ಹೊರಟ ನನಗೆ ಮೂರ್ನಾಲ್ಕು ತಿರುವುಗಳಲ್ಲೇ ಬೆರಳುಗಳು ಮರಗಟ್ಟಿ, ಬ್ರೇಕ್ ಹಿಡಿದಿದ್ದೇನೋ ಇಲ್ಲವೋ ತಿಳಿಯದಾಯಿತು. ಸೈಕಲ್ಲಿನಿಂದ ಇಳಿದು, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ರಸ್ತೆ ಬದಿಯಲ್ಲಿ ಬಹಳ ಹೊತ್ತು ಕುಳಿತೆ. ನಲವತ್ತು ಡಿಗ್ರಿ ಬಿಸಿಲು ತಡೆದ ಬಯಲುಸೀಮೆಯ ಮೈ ಚಳಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಒಣ ಬನಿಯನ್, ಗಾಳಿ ತಡೆಯುವ ಜಾಕೆಟ್, ಪೂರ್ಣ ಬೆರಳಿನ ಕೈಗವಸು, ಈ ಮೂರನ್ನೂ ಚೀಲದಲ್ಲಿ ಮೇಲೆಯೇ ಇಟ್ಟುಕೊಂಡು, ತುದಿ ತಲುಪಿದ ತಕ್ಷಣ ಧರಿಸಿ. ಜಾಕೆಟ್ ಇಲ್ಲದಿದ್ದರೆ ಎದೆಗೆ ದಿನಪತ್ರಿಕೆ ಸೇರಿಸಿಕೊಳ್ಳುವ ಹಳೆಯ ಸವಾರರ ಪದ್ಧತಿಯೂ ನಿಜಕ್ಕೂ ಕೆಲಸ ಮಾಡುತ್ತದೆ.

ಬೇಸಿಗೆ ಎಂಬ ಹೆಸರನ್ನೂ ನಂಬಬೇಡಿ. 2019ರ ಜುಲೈ 26ರಂದು ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದ ಸ್ಪರ್ಧಿಗಳು 2,764 ಮೀಟರ್ ಎತ್ತರದ ಇಸೆರಾನ್ ಘಾಟಿ ದಾಟಿದ ಮೇಲೆ, ಮುಂದಿನ ರಸ್ತೆಯ ಮೇಲೆ ಆಲಿಕಲ್ಲು ಸುರಿದು ಮಣ್ಣು ಕುಸಿದಿದ್ದರಿಂದ ಆ ದಿನದ ಸ್ಪರ್ಧೆಯನ್ನೇ ನಿಲ್ಲಿಸಬೇಕಾಯಿತು. ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಬರುವುದರಿಂದ ನಾನು ಬೆಳಿಗ್ಗೆ ಆರಕ್ಕೇ ಹೊರಟು, ಎತ್ತರದ ಘಾಟಿಯನ್ನು ಹನ್ನೆರಡರೊಳಗೆ ದಾಟುತ್ತಿದ್ದೆ.

ತಿರುವುಗಳಲ್ಲಿ ಇಳಿಯುವುದನ್ನು ಮಳೆಗಾಲ ಮುಗಿದ ಮೇಲೆ ಆಗುಂಬೆಯ 14 ತಿರುವುಗಳಲ್ಲಿ, ವಾಹನ ಕಡಿಮೆ ಇರುವ ಮುಂಜಾನೆ, ನಾಲ್ಕಾರು ಬಾರಿ ಅಭ್ಯಾಸ ಮಾಡಿ: ತಿರುವಿಗೆ ಮೊದಲೇ ಬ್ರೇಕ್ ಹಿಡಿದು, ತಿರುವಿನೊಳಗೆ ಸಡಿಲಿಸಬೇಕು. ಒಂದು ವ್ಯತ್ಯಾಸ ಮಾತ್ರ ಅಲ್ಲಿ ಹೋಗಿಯೇ ರೂಢಿಯಾಗಬೇಕು. ಫ್ರಾನ್ಸಿನಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುತ್ತವೆ. ದಣಿದ ಹೊತ್ತಿನಲ್ಲಿ ತಿರುವಿನಿಂದ ಹೊರಬರುವಾಗ ನಮ್ಮ ಕೈ ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಆದ್ದರಿಂದ ಮೊದಲ ಎರಡು ದಿನ ತಗ್ಗಿನ ಊರುಗಳ ನಡುವೆಯೇ ಸುತ್ತಾಡಿ, ಆಮೇಲೆ ಘಾಟಿ ಹತ್ತಿ.