ಎಲ್ಲ ಸ್ವಲ್ಪ ಸ್ವಲ್ಪ ಓದಿದರೆ ಏನು ಬಂತು?

ಪ್ರಶ್ನೆ: ಪದವಿಗೆ ‘ಸಂವಹನ ಮತ್ತು ಸಂಸ್ಕೃತಿ’ ಕೋರ್ಸ್ ಸೇರಬೇಕೆಂದಿದ್ದೇನೆ. ಭಾಷಾಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ, ಮಾಧ್ಯಮ ಎಲ್ಲವೂ ಅದರಲ್ಲಿವೆ. ‘ಎಲ್ಲ ಸ್ವಲ್ಪ ಸ್ವಲ್ಪ ಓದಿದರೆ ಕೊನೆಗೆ ಯಾವುದೂ ಬರುವುದಿಲ್ಲ’ ಎನ್ನುತ್ತಾರೆ ಅಪ್ಪ. ಏನು ಮಾಡಲಿ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ನಿಮ್ಮ ಅಪ್ಪನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಇಂಥದೇ ಕೋರ್ಸಿನಲ್ಲಿ ಹದಿನೇಳು ವರ್ಷ ಪಾಠ ಮಾಡಿದ್ದೇನೆ. ಅಲ್ಲೊಂದು ಪೇಪರ್, ಇಲ್ಲೊಂದು ಪೇಪರ್ ಆರಿಸಿಕೊಂಡು, ಒಂದು ಸಂದರ್ಶನವನ್ನೂ ನೆಟ್ಟಗೆ ಮಾಡಲು ಕಲಿಯದೆ ಹೊರಟವರನ್ನು ಕಂಡು ಸಂಕಟಪಟ್ಟಿದ್ದೇನೆ. ಆದರೂ ಸೇರಿ ಅಂತಲೇ ಹೇಳುತ್ತೇನೆ.

ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿಗೆ ಫೋನಿನಲ್ಲಿ ಟೈಪ್ ಮಾಡಲು ಬಾರದು, ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಪ್ರತಿಯೊಂದೂ ‘ನಾನು ಮಾತಾಡ್ತಿರೋದು’ ಎಂದು ಶುರುವಾಗಿ ‘ಸರಿ, ಇಡ್ತೀನಿ’ ಎಂದು ಮುಗಿಯುತ್ತಿತ್ತು. ನಡುವೆ ‘ಕೇಳಿಸ್ತಿದೆಯಾ?’ ಎಂದು ಕೇಳಿ, ಉತ್ತರಕ್ಕೆ ಕಾಯುವಂತೆ ಸುಮ್ಮನಾಗುತ್ತಿದ್ದರು. ಮನೆಯವರೆಲ್ಲ ನಗುತ್ತಿದ್ದರೆ, ಇವಳು ಕೂತು ಆ ಮೌನವನ್ನು ಸೆಕೆಂಡುಗಳಲ್ಲಿ ಅಳೆದಳು. ಮಾತಿನ ಸರದಿ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಹೋಗುತ್ತದೆಂದು ತಿಳಿಯಲು ಭಾಷಾಶಾಸ್ತ್ರ ಬೇಕಾಯಿತು. ‘ಇಡ್ತೀನಿ’ ಅನ್ನುವುದು ರಿಸೀವರ್ ಕೆಳಗಿಡುತ್ತಿದ್ದ ಕಾಲದ ಮಾತು. ಹಾಗಾಗಿ ಟೆಲಿಫೋನಿನ ಚರಿತ್ರೆ ಓದಿದಳು. ಮೊದಲ ಫೋನ್ ಮನೆಯಲ್ಲಿ ಯಾರ ಸುಪರ್ದಿಯಲ್ಲಿತ್ತು, ಅಜ್ಜಿಗೆ ಎಷ್ಟು ಹೊತ್ತು ಮಾತಾಡಲು ಬಿಡುತ್ತಿದ್ದರು ಎಂದು ವಿಚಾರಿಸಿದಾಗ ಸಮಾಜಶಾಸ್ತ್ರ ತಾನಾಗಿ ಒಳಗೆ ಬಂತು. ಆ ನಾಲ್ಕಾರು ಸೆಕೆಂಡಿನ ಮೌನ ಯಾವ ಒಂದು ವಿಭಾಗದ ಸೊತ್ತೂ ಅಲ್ಲ.

ಆದರೆ ಗಮನಿಸಿ, ಅವಳಿಗೆ ಧ್ವನಿಮುದ್ರಣವನ್ನು ಉಸಿರು, ತಡವರಿಕೆಗಳ ಸಮೇತ ಬರಹಕ್ಕಿಳಿಸುವುದು ಚೆನ್ನಾಗಿ ಬರುತ್ತಿತ್ತು. ಆ ಒಂದು ಕಸುಬು ಕೈಯಲ್ಲಿದ್ದುದರಿಂದಲೇ ಉಳಿದದ್ದೆಲ್ಲ ಅದರ ಸುತ್ತ ಬಂದು ಕೂಡಿತು. ಈ ಓದಿನ ಹಿರಿಯರೂ ಹಾಗೆಯೇ. ಸಂವಹನದ ಇತಿಹಾಸಕ್ಕೆ ಹೊರಳುವ ಮುನ್ನ ಕೆನಡಾದ ಹೆರಾಲ್ಡ್ ಇನ್ನಿಸ್ ತುಪ್ಪಳದ ವ್ಯಾಪಾರವನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ. 1964ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಸ್ಕೃತಿ ಅಧ್ಯಯನದ ಕೇಂದ್ರ ತೆರೆದ ರಿಚರ್ಡ್ ಹೊಗಾರ್ಟ್ ಸಾಹಿತ್ಯದ ಮೇಷ್ಟ್ರು.

ಅದೇ ಕೇಂದ್ರದ ಸ್ಟುವರ್ಟ್ ಹಾಲ್ 1973ರಲ್ಲಿ ಒಂದು ವಿಚಾರ ಮಂಡಿಸಿದರು: ಟಿವಿ ಹೇಳಿದ್ದನ್ನು ನೋಡುಗರು ಹಾಗೇ ಒಪ್ಪಬಹುದು, ಅರ್ಧ ಒಪ್ಪಿ ಅರ್ಧ ತಿದ್ದಿಕೊಳ್ಳಬಹುದು, ಪೂರ್ತಿ ತಿರಸ್ಕರಿಸಲೂಬಹುದು. ಅಲ್ಲಿನ ಸಂಶೋಧಕ ಡೇವಿಡ್ ಮೋರ್ಲಿ ಇದನ್ನು ಪರೀಕ್ಷಿಸಲು ಬೇರೆ ಬೇರೆ ಗುಂಪುಗಳಿಗೆ ಬಿಬಿಸಿಯ ಒಂದೇ ಕಾರ್ಯಕ್ರಮ ತೋರಿಸಿ ಮಾತಾಡಿಸಿದರು. 1980ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬ್ಯಾಂಕ್ ಮ್ಯಾನೇಜರುಗಳೂ ಕೈಕೆಲಸ ಕಲಿಯುತ್ತಿದ್ದ ಅಪ್ರೆಂಟಿಸ್ ಹುಡುಗರೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಒಪ್ಪಿಕೊಂಡಿದ್ದರು. ವರ್ಗ ನೋಡಿ ಅಭಿಪ್ರಾಯ ಊಹಿಸಲಾಗದು ಅನ್ನುವುದು ಜನರ ಎದುರು ಹೋಗಿ ಕೂತದ್ದಕ್ಕೇ ಗೊತ್ತಾಯಿತು. ನನಗೆ ಈ ಓದಿನಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ.

ಆದ್ದರಿಂದ ಎರಡನೇ ವರ್ಷದೊಳಗೆ ಒಂದು ವಿಧಾನವನ್ನು ನಿಮ್ಮದಾಗಿಸಿಕೊಳ್ಳಿ: ಸಂದರ್ಶನ, ಅಂಕಿಅಂಶ, ಹಳೆಯ ದಾಖಲೆಗಳ ಓದು, ಯಾವುದಾದರೂ ಸರಿ. ಕೆಲಸದ ವಿಷಯಕ್ಕೆ ಬಂದರೆ, ಪದವಿಯ ಹೆಸರು ನೋಡಿದೊಡನೆ ಕರೆದು ಕೆಲಸ ಕೊಡುವವರು ಕಡಿಮೆ. ನೀವು ಮಾಡಿದ ಪ್ರಾಜೆಕ್ಟನ್ನು ಎದುರಿಗಿಟ್ಟು ಮಾತಾಡಬೇಕಾಗುತ್ತದೆ.

ಸೇರುವ ಮುಂಚೆ ಕಾಲೇಜಿಗೆ ಹೋಗಿ. ಸಂಶೋಧನಾ ವಿಧಾನದ ಪೇಪರ್ ಕಡ್ಡಾಯವೇ, ಕೊನೆಯ ವರ್ಷ ಒಂದೇ ವಿಷಯದ ಮೇಲೆ ದೀರ್ಘ ಪ್ರಾಜೆಕ್ಟ್ ಇದೆಯೇ, ಅದರ ಕರಡನ್ನು ಸಾಲುಸಾಲಾಗಿ ಓದಿ ತಿದ್ದುವವರು ಯಾರು ಎಂದು ವಿಚಾರಿಸಿ. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಈ ಪ್ರಶ್ನೆಗಳನ್ನು ಅವರೇ ಕೇಳಲಿ.